ಮೂರು ಲಕ್ಷ ಕಿ.ಮೀ. ದಾಟಿದ ಬೊಲೆರೊ ಇನ್ನೂ ಓಡಬೇಕೆಂದರೆ



ಬೆಳಿಗ್ಗೆ ಯಾವ ಸಂಘದ ಮುಂದೆ ನಿಂತು ನೋಡಿದರೂ ಹಳೇ ಬೊಲೆರೊ ಒಂದಾದರೂ ಕಣ್ಣಿಗೆ ಬೀಳುತ್ತದೆ. ಹಿಂದೆ ಹಸಿ ಮೇವಿನ ಹೊರೆ, ಎರಡು ಮೂಟೆ ಪಶು ಆಹಾರ, ಪಕ್ಕದಲ್ಲಿ ಹಾಲಿನ ಕ್ಯಾನು. ಈ ಗಾಡಿ ಮಾರುಕಟ್ಟೆಗೆ ಬಂದದ್ದು 2000ದಲ್ಲಿ. ಏಣಿಯಂಥ ಗಟ್ಟಿ ಚಾಸಿ, ಹಿಂದೆ ಸ್ಪ್ರಿಂಗ್ ಪ್ಲೇಟು, ಹಳೆಯ ಮಾದರಿಗಳಲ್ಲಿ 2523 ಸಿಸಿ ಡೀಸೆಲ್ ಎಂಜಿನ್. ಹೋಬಳಿಯ ಗ್ಯಾರೇಜಿನಲ್ಲೂ ಅದನ್ನು ಬಿಚ್ಚಿ ಜೋಡಿಸಬಲ್ಲವರಿದ್ದಾರೆ. ಹೊಸ ಗಾಡಿಗೆ ಸುರಿಯುವ ಹಣದಲ್ಲಿ ಕೊಟ್ಟಿಗೆಗೆ ಹಲವು ಹಸು ತರಬಹುದು. ಆದ್ದರಿಂದ ಇರುವ ಗಾಡಿಯನ್ನೇ ಇನ್ನಷ್ಟು ವರ್ಷ ಓಡಿಸುವುದು ಜಿಪುಣತನವಲ್ಲ, ಲೆಕ್ಕಾಚಾರ.

ಆದರೆ ಅದು ನಡುದಾರಿಯಲ್ಲಿ ನಿಲ್ಲಬಾರದು. ಕರೆದ ಹಾಲು ಬೇಗ ತಣ್ಣಗಾಗಬೇಕು. ಬೇಸಿಗೆಯ ಬಿಸಿಲಲ್ಲಿ ಎರಡು ಮೂರು ಗಂಟೆ ಕ್ಯಾನಿನಲ್ಲೇ ಉಳಿದರೆ ಹುಳಿಯತ್ತ ತಿರುಗುತ್ತದೆ, ಸಂಘದಲ್ಲಿ ವಾಪಸ್ಸಾಗುತ್ತದೆ. ಗ್ಯಾರೇಜಿನ ಬಿಲ್ಲಿನ ಜೊತೆಗೆ ಆ ಹೊತ್ತಿನ ಹಾಲಿನ ಹಣವೂ ಹೋಯಿತು.

ಹಳೇ ಡೀಸೆಲ್ ಎಂಜಿನ್ ಕಿಲೋಮೀಟರ್ ಹೆಚ್ಚಾಯಿತೆಂದು ಸಾಯುವುದು ಅಪರೂಪ. ಅದನ್ನು ಕೊಲ್ಲುವುದು ಹೆಚ್ಚಾಗಿ ಬಿಸಿ. ರೇಡಿಯೇಟರಿನಲ್ಲಿ ನೀರು ಕಡಿಮೆಯಾದಾಗ ಕೈಗೆ ಸಿಕ್ಕ ಬೋರ್‌ವೆಲ್ ನೀರು ಸುರಿಯುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಗಡಸು ನೀರಿನ ಪೊರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ನೀರು ಸರಿಯಾಗಿ ಸುತ್ತುವುದಿಲ್ಲ, ಏರು ರಸ್ತೆಯಲ್ಲಿ ಮುಳ್ಳು ಮೇಲೇರುತ್ತದೆ. ಕೂಲಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆಗೇ ಬೆರೆಸಿ, ಕೈಪಿಡಿ ಹೇಳಿದ ಅವಧಿಗೆ ಪೂರ್ತಿ ಬದಲಿಸಿ. ಮೇವಿನ ಗದ್ದೆಗೆ ಇಳಿಯುವ ಗಾಡಿಯಾದರೆ ರೇಡಿಯೇಟರಿನ ಮುಂದೆ ಹೊಟ್ಟು, ಹುಲ್ಲಿನ ಬೀಜ, ಧೂಳು ಕೂತು ಗಾಳಿ ಹೋಗದಂತಾಗಿರುತ್ತದೆ. ನೀರಿನ ಪೈಪಿನಿಂದ ಮೆಲ್ಲಗೆ ತೊಳೆಯಿರಿ. ಹೆಚ್ಚು ಒತ್ತಡದ ನೀರು ಬಿಟ್ಟರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಹತ್ತು ವರ್ಷ ದಾಟಿದ ರಬ್ಬರ್ ಹೋಸು ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಸೀಳಿರಬಹುದು, ಒಮ್ಮೆಗೇ ಎಲ್ಲವನ್ನೂ ಬದಲಿಸುವುದು ಲೇಸು.

ಮುಳ್ಳು ಕೆಂಪಿಗೆ ಹೋದರೆ "ಇನ್ನೊಂದೇ ಕಿಲೋಮೀಟರ್, ಡೈರಿ ಬಂತು" ಎನ್ನಬೇಡಿ. ನಿಲ್ಲಿಸಿ, ಆಫ್ ಮಾಡಿ, ಪೂರ್ತಿ ತಣ್ಣಗಾಗುವ ತನಕ ಮುಚ್ಚಳ ತೆಗೆಯಬೇಡಿ. ಆ ಒಂದು ಕಿಲೋಮೀಟರಿನಲ್ಲೇ ಹೆಡ್ ಗ್ಯಾಸ್ಕೆಟ್ ಹೋಗಬಹುದು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ಬಂದಿದ್ದರೆ ಅದರೊಳಗೆ ನೀರು ಸೇರಿದೆ ಎಂದರ್ಥ. ಅಂಥ ಗಾಡಿಯನ್ನು ಸ್ಟಾರ್ಟ್ ಮಾಡದೆ ಗ್ಯಾರೇಜಿಗೆ ಎಳೆಸಿ.

ಆಯಿಲ್ ವಿಷಯದಲ್ಲಿ ಒಂದು ಮಾತು. ಮನೆಯಿಂದ ಸಂಘಕ್ಕೆ ಮೂರು ಕಿಲೋಮೀಟರ್, ವಾಪಸ್ಸು ಮೂರು. ಇಷ್ಟರಲ್ಲಿ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಒಳಗಿನ ತೇವ ಆಯಿಲಿನಲ್ಲೇ ಉಳಿಯುತ್ತದೆ. ಧೂಳಿನ ದಾರಿ, ಗಿಡ್ಡ ಓಟ ಎರಡೂ ಇದ್ದರೆ ಕೈಪಿಡಿಯ ಕಿಲೋಮೀಟರಿಗೆ ಕಾಯದೆ ಮುಂಚೆಯೇ ಆಯಿಲ್, ಫಿಲ್ಟರ್ ಬದಲಿಸಿ. ಓಟವೇ ಕಡಿಮೆಯಾದರೂ ವರ್ಷಕ್ಕೊಮ್ಮೆ ತಪ್ಪಿಸಬೇಡಿ. ಗೇರ್ ಆಯಿಲ್, ಕ್ರೌನ್ ಆಯಿಲ್ ಅಂತೂ ಬಹುತೇಕರಿಗೆ ನೆನಪೇ ಇರುವುದಿಲ್ಲ. ಡೀಸೆಲ್ ಫಿಲ್ಟರಿನ ತಳದಲ್ಲಿ ಸೇರುವ ನೀರನ್ನು ಬಿಡಿಸಿ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ ಗ್ರೀಸ್ ಹೊಡೆಸಿ. ಟರ್ಬೊ ಇರುವ ಎಂಜಿನ್ನನ್ನು ಭಾರ ಎಳೆದು ಬಂದ ಕೂಡಲೇ ಆಫ್ ಮಾಡದೆ ಒಂದು ನಿಮಿಷ ಹಾಗೇ ಓಡಲು ಬಿಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಎರಡು ವರ್ಷಕ್ಕೊಮ್ಮೆ ಹೊಸದು ಹಾಕಿಸಿ.

ಹೊಗೆಯೂ ಮಾತಾಡುತ್ತದೆ. ಕಪ್ಪು ಹೊಗೆಯಾದರೆ ಮೊದಲು ಏರ್ ಫಿಲ್ಟರ್ ನೋಡಿ, ಆಮೇಲೆ ಇಂಜೆಕ್ಟರ್. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಮಟ್ಟ ನೋಡಿ, ತಡಮಾಡದೆ ತೋರಿಸಿ.

ಹೈನುಗಾರರ ಗಾಡಿಗೆ ಮಾತ್ರ ಬರುವ ಒಂದು ಕಾಯಿಲೆ ಇದೆ, ಪೇಟೆಯ ಮೆಕ್ಯಾನಿಕ್ ಅದನ್ನು ಹೇಳುವುದಿಲ್ಲ. ಚೆಲ್ಲಿದ ಹಾಲು ಹುಳಿಯಾಗಿ ಆಮ್ಲವಾಗುತ್ತದೆ. ರಸಮೇವಿನ ನೀರೂ ಹುಳಿ. ಖನಿಜ ಮಿಶ್ರಣದ ಚೀಲ ಒಡೆದರೆ ಉಪ್ಪು, ಕರು ಸಾಗಿಸಿದರೆ ಗಂಜಲ. ಇವೆಲ್ಲ ಮ್ಯಾಟಿನ ಕೆಳಗೆ ಇಳಿದು, ಸಂದಿಗಳಲ್ಲಿ ನಿಂತು, ನೆಲದ ತಗಡನ್ನೂ ಚಾಸಿಯನ್ನೂ ತಿನ್ನುತ್ತವೆ. ಹಾಲು ಚೆಲ್ಲಿದ ದಿನವೇ ಮ್ಯಾಟು ಎತ್ತಿ ತೊಳೆದು ಒಣಗಿಸಿ. ಮಳೆಗಾಲ ಮುಗಿದ ಮೇಲೆ ಗಾಡಿಯನ್ನು ಎತ್ತಿಸಿ ಅಡಿಭಾಗ ಚೆನ್ನಾಗಿ ತೊಳೆಸಿ, ತುಕ್ಕು ಕೆರೆದು ಬಣ್ಣ ಹೊಡೆಸಿ. ಬಳಸಿದ ಹಳೇ ಆಯಿಲನ್ನು ಅಡಿಗೆ ಬಳಿಯುವವರಿದ್ದಾರೆ. ಅದು ಬೇಡ, ರಬ್ಬರ್ ಬುಷ್‌ಗಳು ಉಬ್ಬಿ ಹಾಳಾಗುತ್ತವೆ, ಉಳಿದದ್ದು ತೊಟ್ಟಿಕ್ಕಿ ಮಣ್ಣು ಸೇರುತ್ತದೆ.

ಭಾರದ ಲೆಕ್ಕವನ್ನೂ ಮರೆಯಬೇಡಿ. ತುಂಬಿದ 40 ಲೀಟರ್ ಕ್ಯಾನಿನಲ್ಲಿ ಹಾಲೇ ಸುಮಾರು 41 ಕೆ.ಜಿ., ಕ್ಯಾನಿನ ತೂಕ ಬೇರೆ. ಹತ್ತು ಕ್ಯಾನು ಹೇರಿ ಮೇಲೆ ನಾಲ್ಕು ಜನ ಕೂತರೆ ಪ್ಲೇಟು, ಬ್ರೇಕು, ಟೈರು ಮೂರೂ ನರಳುತ್ತವೆ. ಟೈರಿನ ಪಕ್ಕದ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಬಿರುಕು ಬಿಟ್ಟ ಹಳೇ ಟೈರು ಗುಂಡಿ ಆಳವಿದ್ದರೂ ನಂಬಿಕೆಗೆ ಅರ್ಹವಲ್ಲ.

ಹಸುವಿಗೆ ಕರು ಹಾಕಿದ ದಿನ, ಗರ್ಭಧಾರಣೆ ಮಾಡಿಸಿದ ದಿನ ಬರೆದಿಡುವ ಪುಸ್ತಕದಲ್ಲೇ ಗಾಡಿಗೂ ಎರಡು ಹಾಳೆ ಬಿಡಿ. ಡೀಸೆಲ್ ಪೂರ್ತಿ ತುಂಬಿಸಿದಾಗ ಕಿಲೋಮೀಟರ್, ಲೀಟರ್ ಬರೆಯಿರಿ. ಮಧ್ಯೆ ಹಾಕಿದ ಆಯಿಲ್, ಬದಲಿಸಿದ ಭಾಗ, ಅದರ ಬಿಲ್ಲು ಎಲ್ಲ ಅಲ್ಲೇ ಇರಲಿ. ಕಾರಣವಿಲ್ಲದೆ ಮೈಲೇಜ್ ಇಳಿದರೆ, ಹಾಲು ಇಳಿದ ಹಸುವನ್ನು ಹೇಗೆ ನೋಡುತ್ತೀರೋ ಹಾಗೆ ನೋಡಿ: ಬ್ರೇಕ್ ಹಿಡಿದಿದೆಯೇ, ಟೈರಿನಲ್ಲಿ ಗಾಳಿ ಇದೆಯೇ, ಫಿಲ್ಟರ್ ಕಟ್ಟಿದೆಯೇ.

ಎಂಜಿನ್ ಸೋತರೆ ಎಂಜಿನ್ ಕೆಲಸ ಮಾಡಿಸಬಹುದು, ಚಾಸಿ ಗಟ್ಟಿ ಇದ್ದರೆ ಆ ಖರ್ಚು ದಂಡವಲ್ಲ. ಸ್ಪ್ರಿಂಗ್ ಪ್ಲೇಟು ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿದರೆ ತಗಡು ಉದುರುತ್ತದೆ ಎಂದಾದರೆ ಮಾತ್ರ ಆ ಗಾಡಿಯ ಮೇಲೆ ಇನ್ನು ಹಣ ಹಾಕಬೇಡಿ. ಖಾಸಗಿ ಗಾಡಿಯ ಆರ್.ಸಿ. 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅರ್ಜಿ ಹಾಕುವ ಮುಂಚೆ ಅಡಿಭಾಗ, ಬ್ರೇಕು, ದೀಪ, ಹೊಗೆ ನಿಮ್ಮ ಮೆಕ್ಯಾನಿಕ್ ಹತ್ತಿರವೇ ಒಮ್ಮೆ ನೋಡಿಸಿಕೊಳ್ಳಿ.