ಹೃದಯಾಘಾತದ ಅನಂತರದ ಪಥ್ಯ

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಮ್ಮಲ್ಲಿ ಮನೆಮಾತು. ರೋಗ ಬರುವ ಮೊದಲು ಈ ಮಾತು ಬಹುಮಟ್ಟಿಗೆ ನಿಜ. ಆದರೆ ಒಮ್ಮೆ ಹೃದಯಾಘಾತವಾಗಿ, ಆಸ್ಪತ್ರೆಯಿಂದ ಮನೆಗೆ ಬಂದವರು ಈ ಗಾದೆಯೊಂದನ್ನೇ ನಂಬಿ ಕುಳಿತರೆ ಸಾಲದು. ಅವರು ಊಟವನ್ನು ಬಲ್ಲವರಾಗಬೇಕು, ಜೊತೆಗೆ ಮಾತ್ರೆಯನ್ನೂ ಬಲ್ಲವರಾಗಬೇಕು. ಈ ಎರಡರಲ್ಲಿ ಯಾವುದರ ಪಾಲು ಎಷ್ಟು ಎಂಬುದನ್ನು ಇಲ್ಲಿ ನೋಡೋಣ.

ಪದ್ಮನಾಭನಗರ, ಬನಶಂಕರಿ, ಜಯನಗರಗಳಲ್ಲಿ ಇಂತಹ ಮನೆಗಳು ಒಂದೆರಡಲ್ಲ. ಮನೆಯ ಹಿರಿಯರು ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆಯಿಂದಲೋ ಬೇರೊಂದು ಆಸ್ಪತ್ರೆಯಿಂದಲೋ ಮನೆ ಸೇರಿದ ಮರುದಿನವೇ ಸಲಹೆಗಳ ಸುರಿಮಳೆ ಮೊದಲಾಗುತ್ತದೆ. ಪಕ್ಕದ ಮನೆಯವರು ಹಸಿ ಬೆಳ್ಳುಳ್ಳಿ ಎನ್ನುತ್ತಾರೆ. ಊರಿನಿಂದ ಬಂದ ಭಾವನವರು ದಾಲ್ಚಿನ್ನಿ ಕಷಾಯ ಎನ್ನುತ್ತಾರೆ. ಪರದೇಶದಲ್ಲಿರುವ ಮಗ ಮೀನೆಣ್ಣೆಯ ಗುಳಿಗೆಯ ಸೀಸೆ ತಂದಿಡುತ್ತಾನೆ. ಇವೆಲ್ಲ ಪ್ರೀತಿಯ ಮಾತುಗಳೇ. ಆದರೆ ಈ ಗದ್ದಲದಲ್ಲಿ ವೈದ್ಯರು ಬರೆದುಕೊಟ್ಟ ಚೀಟಿ ಮೂಲೆಗೆ ಸೇರಿದರೆ ಅಪಾಯ ತಪ್ಪಿದ್ದಲ್ಲ.

ಮೊದಲು, ಕೊಲೆಸ್ಟರಾಲ್ ಎಂದರೇನು? ಇದು ವಿಷವಲ್ಲ. ನಮ್ಮ ಮೈಯ ಪ್ರತಿಯೊಂದು ಜೀವಕೋಶಕ್ಕೂ ಬೇಕಾದ ಮೇಣದಂತಹ ವಸ್ತು. ಇದರ ಹೆಚ್ಚಿನ ಪಾಲನ್ನು ನಮ್ಮ ದೇಹವೇ, ಅದರಲ್ಲೂ ಯಕೃತ್ತು, ತಯಾರಿಸುತ್ತದೆ. ಊಟದಿಂದ ಬರುವುದು ಕಡಿಮೆ. ಇದನ್ನು ರಕ್ತದಲ್ಲಿ ಹೊತ್ತು ತಿರುಗುವ ಕಣಗಳಲ್ಲಿ ಎಲ್‌ಡಿಎಲ್ ಎಂಬುದು ಮುಖ್ಯ. ಈ ಕಣಗಳು ಹೆಚ್ಚಾದಾಗ ರಕ್ತನಾಳದ ಗೋಡೆಯೊಳಗೆ ನುಗ್ಗಿ ಜಿಡ್ಡಾಗಿ ಕೂರುತ್ತವೆ. ಒಂದು ದಿನ ಆ ಜಿಡ್ಡಿನ ಗಂಟು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ದಾರಿ ಮುಚ್ಚಿಹೋಗುತ್ತದೆ. ಹೃದಯಾಘಾತವೆಂದರೆ ಬಹುತೇಕ ಇದೇ. ಸ್ಟೆಂಟ್ ಹಾಕಿ ದಾರಿ ಬಿಡಿಸಿದ್ದಾಯಿತಲ್ಲ ಎಂದು ನೀವು ಕೇಳಬಹುದು. ಸ್ಟೆಂಟ್ ಬಿಡಿಸಿದ್ದು ಒಂದು ಜಾಗವನ್ನು ಮಾತ್ರ. ಜಿಡ್ಡು ಕೂರುವ ಕೆಲಸ ಉಳಿದ ನಾಳಗಳಲ್ಲಿ ನಿಂತಿರುವುದಿಲ್ಲ.

ಆದುದರಿಂದ ಎಲ್‌ಡಿಎಲ್ ಅನ್ನು ಎಷ್ಟಕ್ಕೆ ಇಳಿಸಬೇಕೆಂಬ ಪ್ರಶ್ನೆ ಬರುತ್ತದೆ. ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಹೃದಯಾಘಾತ ಆದವರಲ್ಲಿ ಇದು ಪ್ರತಿ ಡೆಸಿಲೀಟರ್ ರಕ್ತಕ್ಕೆ 55 ಮಿಲಿಗ್ರಾಂಗಿಂತ ಕೆಳಗಿರಬೇಕು. ಪ್ರಯೋಗಾಲಯದ ವರದಿಯಲ್ಲಿ 100ರ ಒಳಗಿದ್ದರೆ ಸರಿ ಎಂದು ಅಚ್ಚಾಗಿರುವುದುಂಟು. ಅದು ಆರೋಗ್ಯವಂತರಿಗೆ ಹೇಳಿದ ಮಾತು. ನಿಮ್ಮ ಮನೆಯವರಿಗೆ ಹೃದಯಾಘಾತವಾಗಿದ್ದರೆ ನೋಡಬೇಕಾದ ಅಂಕಿ 55.

ಇಲ್ಲಿ ಊಟ ಎಷ್ಟು ಕೆಲಸ ಮಾಡಬಲ್ಲದು? ಇದನ್ನು ಅಳೆದು ನೋಡಿದವರಿದ್ದಾರೆ. ಕೆನಡಾದ ಟೊರಾಂಟೊ ನಗರದಲ್ಲಿ ಡಾಕ್ಟರ್ ಡೇವಿಡ್ ಜೆಂಕಿನ್ಸ್ ಎಂಬವರು ಬಾದಾಮಿ, ಸೋಯಾ, ಓಟ್ಸ್, ಬಾರ್ಲಿ, ಬೆಂಡೆಕಾಯಿ, ಬದನೆಕಾಯಿ, ಇಸಬ್‌ಗೋಲ್ ಮುಂತಾದವುಗಳಿಂದ ಒಂದು ಪಥ್ಯವನ್ನು ರೂಪಿಸಿದರು. 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಹಾರವನ್ನು ಅಳೆದು ತೂಗಿ ಕೊಟ್ಟಾಗ, ಒಂದು ತಿಂಗಳಲ್ಲಿ ಎಲ್‌ಡಿಎಲ್ ಶೇಕಡಾ 28ರಷ್ಟು ಇಳಿಯಿತು. ಆದರೆ ಜನ ಅದೇ ಪಥ್ಯವನ್ನು ತಮ್ಮ ತಮ್ಮ ಮನೆಯಲ್ಲಿ ಆರು ತಿಂಗಳು ನಡೆಸಿದಾಗ ಇಳಿದದ್ದು ಸುಮಾರು ಶೇಕಡಾ 13 ಮಾತ್ರ. ಈ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಹಬ್ಬ ಹುಣ್ಣಿಮೆ, ಮದುವೆ ಮುಂಜಿಗಳ ನಡುವೆ ಸಂಸಾರಸ್ಥರಿಗೆ ಸಾಧ್ಯವಾಗುವುದು ಸರಿಸುಮಾರು ಇಷ್ಟೇ.

ಮಾತ್ರೆಯ ಕಥೆ ಬೇರೆ. ಜಪಾನಿನ ವಿಜ್ಞಾನಿ ಅಕಿರಾ ಎಂಡೋ 1973ರಲ್ಲಿ ಒಂದು ಜಾತಿಯ ಬೂಷ್ಟಿನಲ್ಲಿ, ಯಕೃತ್ತು ಕೊಲೆಸ್ಟರಾಲನ್ನು ತಯಾರಿಸದಂತೆ ತಡೆಯುವ ವಸ್ತುವನ್ನು ಕಂಡುಹಿಡಿದರು. ಸ್ಟ್ಯಾಟಿನ್ ಎಂಬ ಔಷಧಗಳ ಕುಲಕ್ಕೆ ಅದೇ ಮೂಲ. 1994ರಲ್ಲಿ ಉತ್ತರ ಯೂರೋಪಿನ 4,444 ಹೃದ್ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ ಹೊರಬಿತ್ತು. ಸ್ಟ್ಯಾಟಿನ್ ಸೇವಿಸಿದವರಲ್ಲಿ ಸಾವು ಶೇಕಡಾ 30ರಷ್ಟು ಕಡಿಮೆಯಾಗಿತ್ತು. ಇಂದು ಹೃದಯಾಘಾತವಾದವರಿಗೆ ಕೊಡುವ ಹೆಚ್ಚು ಪ್ರಮಾಣದ ಅಟೊರ್ವಾಸ್ಟಾಟಿನ್ ಅಥವಾ ರೋಸುವಾಸ್ಟಾಟಿನ್ ಎಲ್‌ಡಿಎಲ್ ಅನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ.

ಈಗ ಒಂದು ಮನೆಲೆಕ್ಕ ಹಾಕಿ ನೋಡಿ. ಒಬ್ಬರ ಎಲ್‌ಡಿಎಲ್ 120 ಇದೆ ಎನ್ನೋಣ. ಪಥ್ಯವೊಂದರಿಂದಲೇ ಹತ್ತರಲ್ಲಿ ಒಂದು ಪಾಲು ಇಳಿದರೆ 108 ಆಗುತ್ತದೆ. ಗುರಿ ಬಹಳ ದೂರದಲ್ಲೇ ಉಳಿಯಿತು. ಮಾತ್ರೆಯೊಂದರಿಂದಲೇ ಆದರೆ 60. ಹತ್ತಿರ ಬಂದಿತು, ಮುಟ್ಟಲಿಲ್ಲ. ಎರಡೂ ಕೂಡಿದರೆ 54, ಗುರಿ ಮುಟ್ಟಿತು. ಊಟದ ಪಾಲು ಚಿಕ್ಕದು, ಆದರೆ ಗೆರೆ ದಾಟಿಸುವುದು ಎಷ್ಟೋ ಸಲ ಅದೇ. ಇಷ್ಟಾದರೂ ಅಂಕಿ ಇಳಿಯದಿದ್ದರೆ ವೈದ್ಯರು ಎಜೆಟಿಮಿಬ್ ಎಂಬ ಎರಡನೆಯ ಮಾತ್ರೆಯನ್ನು ಸೇರಿಸುತ್ತಾರೆ.

ಇನ್ನು ಅಡುಗೆಮನೆಗೆ ಬರೋಣ. ಎಣ್ಣೆಯ ಡಬ್ಬಿಯ ಮೇಲೆ ಕೊಲೆಸ್ಟರಾಲ್ ಇಲ್ಲ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿದ್ದರೆ ಮರುಳಾಗಬೇಡಿ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಅದು ಗಣನೆಗೆ ಬರುವಷ್ಟು ಇರುವುದಿಲ್ಲ. ನೋಡಬೇಕಾದದ್ದು ಪರ್ಯಾಪ್ತ ಕೊಬ್ಬನ್ನು, ಅಂದರೆ ತಣ್ಣಗಾದಾಗ ಗಟ್ಟಿಯಾಗುವ ಕೊಬ್ಬನ್ನು. ಯಕೃತ್ತು ರಕ್ತದಿಂದ ಎಲ್‌ಡಿಎಲ್ ಅನ್ನು ಹೀರಿಕೊಳ್ಳುವ ಕೆಲಸಕ್ಕೆ ಅಡ್ಡಬರುವುದು ಅದೇ. ತುಪ್ಪದಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಕೊಬ್ಬರಿ ಎಣ್ಣೆಯಲ್ಲಿ ಶೇಕಡಾ 80ಕ್ಕೂ ಮೇಲು. ತಾಳೆ ಎಣ್ಣೆಯಲ್ಲೂ ಸಾಕಷ್ಟಿದೆ. ಕಡಲೆಕಾಯಿ, ಸೂರ್ಯಕಾಂತಿ, ಎಳ್ಳು, ಸಾಸಿವೆ ಎಣ್ಣೆಗಳಲ್ಲಿ ಕಡಿಮೆ. ವನಸ್ಪತಿಯಲ್ಲಿರುವ ಟ್ರಾನ್ಸ್ ಕೊಬ್ಬನ್ನು ಸರ್ಕಾರ 2022ರ ಜನವರಿಯಿಂದ ಶೇಕಡಾ 2ಕ್ಕೆ ಮಿತಿಗೊಳಿಸಿದೆ. ಆದರೂ ಹೃದ್ರೋಗಿಯ ತಟ್ಟೆಗೆ ವನಸ್ಪತಿ ತಕ್ಕದ್ದಲ್ಲ.

ಒಳ್ಳೆಯ ಎಣ್ಣೆಯಾದರೂ ಮಿತಿ ಬೇಕು. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರು ಎಂದು ಗೊತ್ತುಮಾಡಿಕೊಳ್ಳಿ. ದಿನಕ್ಕೆ ಇದು ಮೂರು ಚಹಾ ಚಮಚಕ್ಕಿಂತ ಸ್ವಲ್ಪವೇ ಹೆಚ್ಚು. ತಿಂಗಳ ಮೊದಲ ದಿನವೇ ಮನೆಮಂದಿಯ ಲೆಕ್ಕದಲ್ಲಿ ಎಣ್ಣೆ ಅಳೆದಿಟ್ಟುಕೊಂಡರೆ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ. ಹೋಟೆಲಿನ ಬೆಣ್ಣೆದೋಸೆ, ಕೇಸರಿಬಾತು, ಅಂಗಡಿಯ ಕೋಡುಬಳೆ ನಿಪ್ಪಟ್ಟುಗಳ ಎಣ್ಣೆ ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಅವನ್ನು ಅಪರೂಪಕ್ಕೆ ಇಟ್ಟುಕೊಳ್ಳುವುದೇ ಸರಿ.

ಬಿಡಬೇಕಾದುದನ್ನು ಹೇಳಿದ್ದಾಯಿತು, ಸೇರಿಸಬೇಕಾದುದೂ ಅಷ್ಟೇ ಮುಖ್ಯ. ಕಾಳು, ತರಕಾರಿಗಳಲ್ಲಿರುವ ನೀರಿನಲ್ಲಿ ಕರಗುವ ನಾರು ಕರುಳಿನಲ್ಲಿ ಪಿತ್ತವನ್ನು ಹಿಡಿದು ಹೊರಕ್ಕೆ ಸಾಗಿಸುತ್ತದೆ. ಹೊಸ ಪಿತ್ತ ತಯಾರಿಸಲು ಯಕೃತ್ತು ರಕ್ತದಿಂದ ಕೊಲೆಸ್ಟರಾಲನ್ನು ಎಳೆದುಕೊಳ್ಳಬೇಕಾಗುತ್ತದೆ. ಹುರುಳಿ ಸಾರು, ಹೆಸರುಕಾಳಿನ ಉಸಲಿ, ಕೋಸಂಬರಿ, ಮಸ್ಸೊಪ್ಪು, ಬಸ್ಸಾರು, ಬೆಂಡೆಕಾಯಿ ಪಲ್ಯ, ಬಾರ್ಲಿ ಗಂಜಿ ಇವೆಲ್ಲ ಈ ಕೆಲಸಕ್ಕೆ ಒದಗುತ್ತವೆ. ನಾರಿಗಾಗಿ ಹೊಸದೊಂದು ಅಡುಗೆಯನ್ನು ಕಲಿಯಬೇಕಾಗಿಲ್ಲ. ಬಾದಾಮಿ ದುಬಾರಿಯೆನಿಸಿದರೆ ಬಸವನಗುಡಿಯ ಪರಿಷೆಯಲ್ಲಿ ಕೊಳ್ಳುವ ಕಡಲೆಕಾಯಿಯೇ ಒಂದು ಹಿಡಿ, ಉಪ್ಪಿಲ್ಲದೆ, ಸಾಕು. ಮಾಂಸ ತಿನ್ನುವವರು ಕುರಿಮಾಂಸವನ್ನು ಕಡಿಮೆ ಮಾಡಿ ವಾರಕ್ಕೆರಡು ಸಲ ಮೀನು ತಿನ್ನಬಹುದು. ಹುರಿದ ಮೀನಿಗಿಂತ ಸಾರಿನ ಮೀನು ಮೇಲು.

ನಾವು ಸಸ್ಯಾಹಾರಿಗಳು, ನಮಗೇಕೆ ಈ ಚಿಂತೆ ಎಂಬ ಮಾತೂ ಕೇಳಿಬರುತ್ತದೆ. ನಮ್ಮ ಬೆಂಗಳೂರಿನಲ್ಲೇ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಹೃದಯಾಘಾತವಾದ 200 ಮಂದಿಯನ್ನೂ ಆಗದ 200 ಮಂದಿಯನ್ನೂ ಹೋಲಿಸಿ 1996ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಸಸ್ಯಾಹಾರಿಗಳಿಗೆ ಅಪಾಯ ಕಡಿಮೆಯೆಂದು ಅದರಲ್ಲಿ ಕಂಡದ್ದು ನಿಜ. ಆದರೆ ಬೀಡಿ ಸಿಗರೇಟು, ರಕ್ತದೊತ್ತಡ, ರಕ್ತದ ಸಕ್ಕರೆ, ಹೊಟ್ಟೆಯ ಸುತ್ತಿನ ಬೊಜ್ಜು ಇವೇ ಬಲವಾದ ಕಾರಣಗಳಾಗಿ ಕಂಡುಬಂದವು. ಬಿಳಿ ಅನ್ನವನ್ನು ಮೂರು ಸಲ ಬಡಿಸಿಕೊಂಡು, ಕಾಫಿಗೆ ಎರಡೆರಡು ಚಮಚ ಸಕ್ಕರೆ ಹಾಕಿಕೊಂಡರೆ ಸಸ್ಯಾಹಾರದ ಪುಣ್ಯ ಕರಗಿಹೋಗುತ್ತದೆ. ಅನ್ನ ಒಂದು ಪಾಲಾದರೆ ಪಲ್ಯ, ಹುಳಿ, ಕಾಳುಗಳು ಎರಡು ಪಾಲಾಗಲಿ.

ಕೊನೆಗೆ ಸೀಸೆಯ ಗುಳಿಗೆಗಳ ವಿಚಾರ. ಅಮೆರಿಕದ ವೈದ್ಯರು 2022ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಶಿನ, ಸಸ್ಯಗಳ ಸ್ಟೆರಾಲ್, ಕೆಂಪು ಬೂಷ್ಟಕ್ಕಿ, ಈ ಆರರ ಗುಳಿಗೆಗಳನ್ನು ಕಡಿಮೆ ಪ್ರಮಾಣದ ಸ್ಟ್ಯಾಟಿನ್ ಜೊತೆ 28 ದಿನ ಹೋಲಿಸಿ ನೋಡಿದ್ದರು. ಸ್ಟ್ಯಾಟಿನ್ ಎಲ್‌ಡಿಎಲ್ ಅನ್ನು ಸುಮಾರು ಶೇಕಡಾ 38 ಇಳಿಸಿತು. ಉಳಿದ ಆರರಲ್ಲಿ ಒಂದೂ ಬರಿಯ ಹುಸಿಮಾತ್ರೆಗಿಂತ ಹೆಚ್ಚಿನ ಕೆಲಸ ಮಾಡಲಿಲ್ಲ. ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಧಾರಾಳವಾಗಿ ಹಾಕಿ. ಅದು ರುಚಿಗೆ, ಔಷಧಕ್ಕಲ್ಲ. ಬೆಳ್ಳುಳ್ಳಿಯ ಸಾರದ ಗುಳಿಗೆಯಾದರೋ ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್ ಜೊತೆ ಸೇರಿ ರಕ್ತಸ್ರಾವವನ್ನು ಹೆಚ್ಚಿಸಬಹುದು. ಕೆಂಪು ಬೂಷ್ಟಕ್ಕಿಯಲ್ಲಿ ಸ್ಟ್ಯಾಟಿನ್ ಜಾತಿಯ ವಸ್ತುವೇ ಅಳತೆಯಿಲ್ಲದೆ ಇರುವುದರಿಂದ ಮಾತ್ರೆಯ ಜೊತೆ ಅದನ್ನು ಸೇವಿಸಬಾರದು.

ಇವುಗಳಲ್ಲಿ ಇಸಬ್‌ಗೋಲ್ ಒಂದು ಬೇರೆ. ಅದು ನಿಜವಾಗಿ ಎಲ್‌ಡಿಎಲ್ ಅನ್ನು ಸ್ವಲ್ಪ ಇಳಿಸುತ್ತದೆ. ಅದನ್ನು ಧಾರಾಳ ನೀರಿನೊಡನೆ, ಮಾತ್ರೆಗಳಿಂದ ಒಂದೆರಡು ಗಂಟೆ ಅಂತರವಿಟ್ಟು, ವೈದ್ಯರಿಗೆ ತಿಳಿಸಿ ತೆಗೆದುಕೊಳ್ಳಬಹುದು. ಇನ್ನೊಂದು ಎಚ್ಚರಿಕೆ: ಗ್ರೇಪ್‌ಫ್ರೂಟ್ ಹಣ್ಣು ಅಟೊರ್ವಾಸ್ಟಾಟಿನ್‌ನಂತಹ ಕೆಲವು ಮಾತ್ರೆಗಳ ಬಲವನ್ನು ರಕ್ತದಲ್ಲಿ ಏರಿಸುತ್ತದೆ. ನಮ್ಮ ದೇವನಹಳ್ಳಿಯ ಚಕ್ಕೋತ ಅದರ ಹತ್ತಿರದ ನೆಂಟ. ದಿನವೂ ತಿನ್ನುವ ರೂಢಿಯಿದ್ದರೆ ವೈದ್ಯರನ್ನು ಕೇಳಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಬರುವುದು ಒಳ್ಳೆಯ ವರದಿಯ ಬೆನ್ನಲ್ಲಿ. ಅಂಕಿ 54ಕ್ಕೆ ಬಂದಿತು, ಇನ್ನೇಕೆ ಮಾತ್ರೆ ಎಂದು ಮನಸ್ಸು ಕೇಳುತ್ತದೆ. ತಾರಸಿಯ ತೊಟ್ಟಿ ತುಂಬಿದೆಯೆಂದು ಯಾರಾದರೂ ಪಂಪನ್ನು ಮಾರಿಬಿಡುತ್ತಾರೆಯೆ? ಮಾತ್ರೆ ನಿಂತ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಮತ್ತೆ ಹಳೆಯ ಮಟ್ಟಕ್ಕೆ ಏರುತ್ತದೆ, ಯಾವ ನೋವನ್ನೂ ಕೊಡದೆ ಏರುತ್ತದೆ. ಸ್ನಾಯುಗಳಲ್ಲಿ ನೋವು ಕಂಡರೆ ನೀವಾಗಿ ಮಾತ್ರೆ ಬಿಡದೆ ವೈದ್ಯರಿಗೆ ಹೇಳಿ. ಅವರು ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸಬಲ್ಲರು.

ಇನ್ನು ಮನೆಯವರಿಗೆ ಒಂದು ಮಾತು. ಒಬ್ಬರಿಗೆ ಬೇರೆ ತಟ್ಟೆ, ಬೇರೆ ಸಾರು ಎಂದು ಮಾಡಿದರೆ ಪಥ್ಯ ಮೂರು ತಿಂಗಳೂ ನಿಲ್ಲುವುದಿಲ್ಲ. ಮನೆಮಂದಿಯೆಲ್ಲ ಅದನ್ನೇ ಉಣ್ಣಿ. ಮಕ್ಕಳ ರಕ್ತನಾಳಕ್ಕೂ ಅದು ಹಿತವೇ. ಆಸ್ಪತ್ರೆಯಿಂದ ಬಂದು ನಾಲ್ಕರಿಂದ ಆರು ವಾರಗಳಲ್ಲಿ ರಕ್ತಪರೀಕ್ಷೆ ಮಾಡಿಸಿ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖನ್ನು ಇಂದೇ ಗುರುತು ಹಾಕಿ, ಪಕ್ಕದಲ್ಲಿ 55 ಎಂದು ಬರೆದಿಡಿ.