ತಪ್ಪು ರನ್‌ವೇ ಮತ್ತು ಹಿಂದಿನ ಸೀಟಿನ ಮೌನ

1990ರ ದಶಕದ ಆರಂಭದ ಒಂದು ಮಳೆಗಾಲದ ರಾತ್ರಿ. ಮಳವಳ್ಳಿ ತಾಲ್ಲೂಕಿನಲ್ಲಿ ಬಿರುಕು ಬಿಟ್ಟಿದ್ದ ಕೆರೆ ಏರಿಯೊಂದನ್ನು ಪರಿಶೀಲಿಸಿ, ಮದ್ದೂರಿನಲ್ಲಿ ಇನ್ನೊಂದು ಕೆಲಸ ಮುಗಿಸಿಕೊಂಡು ನಾನು ಮಂಡ್ಯ ಸೇರಬೇಕಾಗಿತ್ತು. ಮಳವಳ್ಳಿ ಪಟ್ಟಣದಲ್ಲಿ ವಿದ್ಯುತ್ ಹೋಗಿತ್ತು. ಆ ಕತ್ತಲಲ್ಲಿ ಚಾಲಕ ಜೀಪನ್ನು ಮದ್ದೂರು ರಸ್ತೆಗೆ ತಿರುಗಿಸಿದನೆಂದು ನಾನು ನಂಬಿದೆ. ಅವನೂ ಹಾಗೆಯೇ ನಂಬಿದ್ದ. ಹೆಡ್‌ಲೈಟಿನ ಬೆಳಕಿಗೆ ಸಿಕ್ಕಿದ ಸಾಲುಮರ, ಮೋರಿ, ಗದ್ದೆಯ ಬದು ಎಲ್ಲವೂ ನಮ್ಮ ನಂಬಿಕೆಗೆ ಸಾಕ್ಷಿ ನುಡಿದವು. ದೂರದಲ್ಲಿ ಊರಿನ ದೀಪಗಳು ಕಂಡಾಗ ‘ಕೆ.ಎಂ. ದೊಡ್ಡಿ ಬಂತು’ ಎಂದೆ. ಬಂದದ್ದು ಹಲಗೂರು. ನಾವು ಕನಕಪುರದ ದಿಕ್ಕಿಗೆ ಹೊರಟಿದ್ದೆವು.

ಹಿಂದಿನ ಸೀಟಿನಲ್ಲಿದ್ದ ಗುಮಾಸ್ತರು ಅದೇ ಸೀಮೆಯವರು. ‘ಊರು ಬಿಟ್ಟಾಗ್ಲೇ ಗೊತ್ತಾಯ್ತು ಸಾರ್. ಸಾಹೇಬ್ರಿಗೆ ಹಲಗೂರಲ್ಲೇನೋ ಕೆಲ್ಸ ಇರ್ಬೇಕು ಅಂದ್ಕೊಂಡು ಸುಮ್ನಾದೆ’ ಎಂದರು. ಅಂದು ನಮಗಾದ ನಷ್ಟ ಒಂದು ಗಂಟೆ ಕಾಲ ಮತ್ತು ಒಂದಿಷ್ಟು ಡೀಸೆಲ್. ವಿಮಾನಗಳು ತಪ್ಪು ರನ್‌ವೇಯತ್ತ ಇಳಿಯಲು ಹೊರಟ ಪ್ರಸಂಗಗಳನ್ನು ಓದುವಾಗಲೆಲ್ಲ ನನಗೆ ಆ ಜೀಪು ನೆನಪಾಗುತ್ತದೆ.

ಇವುಗಳಲ್ಲಿ ಅತ್ಯಂತ ಭಯಾನಕವಾದದ್ದು 2017ರ ಜುಲೈ 7ರ ರಾತ್ರಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆಯಿತು. ಟೊರಾಂಟೊದಿಂದ ಬಂದ ಏರ್ ಕೆನಡಾದ ಏರ್‌ಬಸ್ ವಿಮಾನಕ್ಕೆ ಎರಡು ಸಮಾನಾಂತರ ರನ್‌ವೇಗಳಲ್ಲಿ ಬಲಬದಿಯದರಲ್ಲಿ ಇಳಿಯಲು ಅನುಮತಿ ದೊರೆತಿತ್ತು. ಎಡಬದಿಯದು ಆ ರಾತ್ರಿ ಮುಚ್ಚಿದ್ದು, ಅದರ ದೀಪಗಳನ್ನು ಆರಿಸಲಾಗಿತ್ತು. ಎರಡು ರನ್‌ವೇಗಳನ್ನು ನಿರೀಕ್ಷಿಸಿದ್ದ ಪೈಲಟ್‌ಗಳ ಕಣ್ಣು ಎರಡು ದೀಪಸಾಲುಗಳನ್ನೇ ಹುಡುಕಿತು. ಉರಿಯುತ್ತಿದ್ದ ಬಲ ರನ್‌ವೇಯನ್ನು ಎಡದ್ದೆಂದೂ, ಅದರ ಪಕ್ಕದ ಟ್ಯಾಕ್ಸಿವೇಯನ್ನು ಬಲದ್ದೆಂದೂ ಅವರು ಭಾವಿಸಿದರು. ಆ ಟ್ಯಾಕ್ಸಿವೇಯಲ್ಲಿ ನಾಲ್ಕು ವಿಮಾನಗಳು ಹಾರಲು ಸರದಿಯಲ್ಲಿ ಕಾದಿದ್ದವು.

ಪೈಲಟ್‌ಗಳಿಗೆ ಅನುಮಾನ ಬರಲಿಲ್ಲವೆಂದೇನಲ್ಲ. ರನ್‌ವೇ ಮೇಲೆ ಬೆಳಕು ಕಾಣುತ್ತಿದೆಯೆಂದು ಅವರು ನಿಯಂತ್ರಕರನ್ನು ಕೇಳಿದರು. ನಿಯಂತ್ರಕರು ರನ್‌ವೇಯನ್ನು ನೋಡಿ, ಅಲ್ಲಿ ನಿಮ್ಮನ್ನು ಬಿಟ್ಟು ಯಾರೂ ಇಲ್ಲವೆಂದರು. ಉತ್ತರ ಅಕ್ಷರಶಃ ಸರಿಯಾಗಿತ್ತು; ಆದರೆ ಇಬ್ಬರೂ ನೋಡುತ್ತಿದ್ದುದು ಬೇರೆ ಬೇರೆ ಜಾಗಗಳನ್ನು. ಕೊನೆಗೆ, ಕಾದು ನಿಂತಿದ್ದ ವಿಮಾನವೊಂದರ ಪೈಲಟ್ ‘ಇವನು ಎಲ್ಲಿಗೆ ಹೋಗುತ್ತಿದ್ದಾನೆ?’ ಎಂದು ರೇಡಿಯೊದಲ್ಲಿ ಉದ್ಗರಿಸಿದರು. ಇಳಿಯುತ್ತಿದ್ದ ವಿಮಾನ ಮತ್ತೆ ಮೇಲೇರುವ ಮೊದಲು ನೆಲದಿಂದ ಸುಮಾರು 60 ಅಡಿಯಷ್ಟೇ ಎತ್ತರದಲ್ಲಿತ್ತು. ಐದೂ ವಿಮಾನಗಳಲ್ಲಿ ಸುಮಾರು ಸಾವಿರ ಜನರಿದ್ದರು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಈ ಪ್ರಕರಣವನ್ನು ತನಿಖೆ ಮಾಡಿತು. ಎಡ ರನ್‌ವೇ ಮುಚ್ಚಿರುವ ಸೂಚನೆಯನ್ನು ಪೈಲಟ್‌ಗಳಿಗೆ ಕೊಡಲಾಗಿತ್ತು. ಆದರೆ ಅದು 27 ಪುಟಗಳ ಕಡತದ 8ನೆಯ ಪುಟದಲ್ಲಿತ್ತು. ಸರ್ಕಾರಿ ಕಡತಗಳಲ್ಲಿ ಆಯುಷ್ಯ ಕಳೆದ ನನ್ನಂಥವರಿಗೆ ಇದು ಹೊಸತೇನಲ್ಲ. ಎಲ್ಲವನ್ನೂ ತಿಳಿಸಿ ಮುಖ್ಯವಾದುದನ್ನು ಮುಚ್ಚಿಡುವ ಕಲೆಯಲ್ಲಿ ನಾವೂ ನಿಷ್ಣಾತರೇ. ರನ್‌ವೇಯ ನಡುರೇಖೆಗೆ ವಿಮಾನವನ್ನು ತಂದು ನಿಲ್ಲಿಸುವ ರೇಡಿಯೊ ಸಂಕೇತವೂ ಲಭ್ಯವಿತ್ತು. ಪೈಲಟ್‌ಗಳು ಅದರ ತರಂಗಾಂತರವನ್ನು ಹೊಂದಿಸಿರಲಿಲ್ಲ. ರಾತ್ರಿ ತಿಳಿಯಾಗಿತ್ತು, ಕಣ್ಣಿಗೆ ಎಲ್ಲವೂ ಕಾಣುತ್ತಿತ್ತು. ಕಣ್ಣನ್ನು ಅತಿಯಾಗಿ ನಂಬಿದ್ದೇ ಅಪಾಯವಾಯಿತು.

ಭಾರತಕ್ಕೂ ಇಂಥ ಅನುಭವ ಹಳೆಯದು. ಮುಂಬೈನ ಸಾಂತಾಕ್ರೂಜ್ ಮತ್ತು ಜುಹೂ ನಿಲ್ದಾಣಗಳು ಕೆಲವೇ ಕಿಲೋಮೀಟರ್ ಅಂತರದಲ್ಲಿವೆ. ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ದಿಕ್ಕಿಗೆ ಚಾಚಿದ ರನ್‌ವೇಗಳಿವೆ. 1953ರಲ್ಲಿ ಬ್ರಿಟಿಷ್ ಕಾಮೆಟ್ ಜೆಟ್ ಒಂದು ಸಾಂತಾಕ್ರೂಜ್ ಎಂದುಕೊಂಡು ಜುಹೂವಿನಲ್ಲಿ ಇಳಿಯಿತು. 1972ರ ಸೆಪ್ಟೆಂಬರ್ 24ರಂದು ಜಪಾನ್ ಏರ್‌ಲೈನ್ಸ್‌ನ ಡಿಸಿ-8 ವಿಮಾನ ಅದೇ ತಪ್ಪು ಮಾಡಿ, ಗಿಡ್ಡ ರನ್‌ವೇಯನ್ನು ದಾಟಿ ಮುಂದೆ ಹೋಗಿ ದುರಸ್ತಿಗೆ ಮೀರಿ ಜಖಂಗೊಂಡಿತು. ಪುಣ್ಯವಶಾತ್ ಯಾರೂ ಸಾಯಲಿಲ್ಲ. 2018ರ ಸೆಪ್ಟೆಂಬರ್ 7ರಂದು ತಿರುವನಂತಪುರದಿಂದ 136 ಪ್ರಯಾಣಿಕರನ್ನು ಹೊತ್ತು ಮಾಲೆಗೆ ಹೋದ ಏರ್ ಇಂಡಿಯಾ ವಿಮಾನ, ಇನ್ನೂ ನಿರ್ಮಾಣ ಹಂತದಲ್ಲಿದ್ದ ರನ್‌ವೇ ಮೇಲೆ ಇಳಿಯಿತು.

ಇನ್ನು ನಮ್ಮ ಬೆಂಗಳೂರಿನ ಭೂಪಟವನ್ನೇ ನೋಡಿ. ಎಚ್‌ಎಎಲ್, ಜಕ್ಕೂರು, ಯಲಹಂಕ ವಾಯುನೆಲೆ, ದೇವನಹಳ್ಳಿ ಈ ನಾಲ್ಕೂ ಕಡೆಯ ರನ್‌ವೇಗಳು ಹೆಚ್ಚು ಕಡಿಮೆ ಪೂರ್ವ–ಪಶ್ಚಿಮವಾಗಿವೆ. ಗಾಳಿ ಬೀಸುವ ದಿಕ್ಕು ಒಂದೇ ಆಗಿರುವುದರಿಂದ ಇದು ಸಹಜ. ರನ್‌ವೇಯ ಸಂಖ್ಯೆ ಅದರ ದಿಕ್ಕನ್ನು ಸೂಚಿಸುತ್ತದೆ. ನೇರ ಪೂರ್ವಕ್ಕೆ 09, ನೇರ ಪಶ್ಚಿಮಕ್ಕೆ 27. ಹೀಗಾಗಿ ಎಚ್‌ಎಎಲ್, ಯಲಹಂಕ, ದೇವನಹಳ್ಳಿ ಮೂರೂ ಕಡೆ ಅವೇ ಅಂಕಿಗಳು. ದಿಕ್ಸೂಚಿಯೊಂದನ್ನೇ ನೆಚ್ಚಿದ ಪೈಲಟ್‌ಗೆ ಅದು ಎಲ್ಲ ಕಡೆಯೂ ‘ಸರಿ’ ಎಂದೇ ಹೇಳುತ್ತದೆ. 2019ರ ಡಿಸೆಂಬರ್‌ನಲ್ಲಿ ದೇವನಹಳ್ಳಿಯಲ್ಲಿ ಎರಡನೆಯ ಸಮಾನಾಂತರ ರನ್‌ವೇ ಆರಂಭವಾಯಿತು.

2022ರ ಜನವರಿಯ ಒಂದು ಬೆಳಿಗ್ಗೆ ಅಲ್ಲಿ ಗೊಂದಲವಾದದ್ದು ನೆಲದ ಮೇಲಿದ್ದವರಿಗೆ. ಉತ್ತರದ ರನ್‌ವೇಯಿಂದ ವಿಮಾನಗಳು ಹಾರುತ್ತಿದ್ದವು, ದಕ್ಷಿಣದ್ದರಲ್ಲಿ ಇಳಿಯುತ್ತಿದ್ದವು. ಪಾಳಿಯ ಮುಖ್ಯಸ್ಥರು ಎರಡೂ ಕೆಲಸಕ್ಕೆ ಉತ್ತರದ್ದೊಂದನ್ನೇ ಬಳಸಲು ನಿರ್ಧರಿಸಿದರು. ಈ ನಿರ್ಧಾರ ದಕ್ಷಿಣ ಗೋಪುರದ ನಿಯಂತ್ರಕರಿಗೆ ತಲುಪಲಿಲ್ಲ. ಒಂದು ರನ್‌ವೇಯಿಂದ ಕೋಲ್ಕತ್ತಕ್ಕೆ, ಇನ್ನೊಂದರಿಂದ ಭುವನೇಶ್ವರಕ್ಕೆ ಎರಡು ಇಂಡಿಗೊ ವಿಮಾನಗಳು ಬಹುತೇಕ ಏಕಕಾಲಕ್ಕೆ ಹಾರಿ, ಪರಸ್ಪರ ಸಮೀಪಿಸತೊಡಗಿದವು. ಎರಡರಲ್ಲೂ ಸೇರಿ 426 ಜನರಿದ್ದರು. ರೇಡಾರ್ ಪರದೆಯ ಮುಂದಿದ್ದ ನಿಯಂತ್ರಕರೊಬ್ಬರು ಅದನ್ನು ಕಂಡು ತಕ್ಷಣ ವಿಮಾನಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಈ ಘಟನೆ ಯಾವ ಲಾಗ್‌ಬುಕ್‌ನಲ್ಲೂ ದಾಖಲಾಗಿರಲಿಲ್ಲವೆಂದು ನಿಯಂತ್ರಣ ಸಂಸ್ಥೆಯ ಅಧಿಕಾರಿಗಳು ಹೇಳಿದ್ದು ಬಳಿಕ ಪತ್ರಿಕೆಗಳಲ್ಲಿ ವರದಿಯಾಯಿತು. ಸ್ಯಾನ್ ಫ್ರಾನ್ಸಿಸ್ಕೊ ಪ್ರಕರಣದಲ್ಲೂ ವಿಷಯ ವರದಿಯಾಗುವ ಮೊದಲೇ ವಿಮಾನ ಮತ್ತೆ ಹಾರಿ, ಕಾಕ್‌ಪಿಟ್ ಸಂಭಾಷಣೆಯ ಧ್ವನಿಮುದ್ರಣ ಅಳಿಸಿಹೋಗಿತ್ತು.

ತಪ್ಪು ಮಾಡುತ್ತಿರುವವನಿಗೆ ಆ ಗಳಿಗೆಯಲ್ಲಿ ತಾನು ಮಾಡುತ್ತಿರುವುದು ಸರಿಯೆಂದೇ ಅನಿಸುತ್ತಿರುತ್ತದೆ. ಆದ್ದರಿಂದ ಅವನನ್ನು ತಡೆಯಬಲ್ಲದ್ದು ಎರಡೇ: ಕಣ್ಣಿನ ಹಂಗಿಲ್ಲದ ಒಂದು ಉಪಕರಣ, ಇಲ್ಲವೇ ಪಕ್ಕದಲ್ಲಿರುವ ಇನ್ನೊಂದು ದನಿ. ಉಪಕರಣವನ್ನು ಹಣ ಕೊಟ್ಟು ಕೊಳ್ಳಬಹುದು. ದನಿಯ ಮಾತು ಬೇರೆ.

2010ರ ಮೇ 22ರ ಮಂಗಳೂರಿನ ದುರಂತವನ್ನು ಕರ್ನಾಟಕ ಮರೆತಿಲ್ಲ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಸರಿಯಾದ ರನ್‌ವೇಗೇ ಬಂದಿತ್ತು. ಆದರೆ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವಂತೆ ಸಹ ಪೈಲಟ್ ಮೂರು ಬಾರಿ ಹೇಳಿದ್ದರೆಂದು ತನಿಖಾ ನ್ಯಾಯಾಲಯ ದಾಖಲಿಸಿದೆ. ಹಿರಿಯ ಪೈಲಟ್ ಕೇಳಲಿಲ್ಲ. ಅರ್ಧಕ್ಕಿಂತ ಹೆಚ್ಚು ರನ್‌ವೇ ಕಳೆದ ಮೇಲೆ ನೆಲ ಮುಟ್ಟಿದ ವಿಮಾನ ಕಣಿವೆಗೆ ಉರುಳಿ 158 ಜನ ಸತ್ತರು. ಬದುಕಿದವರು ಎಂಟು ಮಂದಿ. 1977ರಲ್ಲಿ ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ 583 ಜನ ಸತ್ತ ಅಪಘಾತದಲ್ಲೂ, ಎದುರಿನ ವಿಮಾನ ರನ್‌ವೇ ಬಿಟ್ಟು ಹೋಗಿದೆಯೇ ಎಂದು ಫ್ಲೈಟ್ ಎಂಜಿನಿಯರ್ ಶಂಕಿಸಿದ್ದರು. ಹಿರಿಯ ಪೈಲಟ್‌ನ ಖಚಿತ ಉತ್ತರದ ಮುಂದೆ ಆ ಶಂಕೆ ಅಡಗಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇಲ್ಲೊಂದು ಸರಳ ಲೆಕ್ಕ ಕಾಣುತ್ತದೆ. ‘ಸಾರ್, ಇದು ತಪ್ಪು’ ಎನ್ನುವುದರ ಬೆಲೆಯನ್ನು ಹೇಳಿದವನೊಬ್ಬನೇ ತೆರುತ್ತಾನೆ. ಅದರ ಲಾಭ ಎಲ್ಲರಿಗೂ ಹಂಚಿಹೋಗುತ್ತದೆ. ಹೀಗಿರುವಾಗ ಮೌನವೇ ಜಾಣತನವೆನಿಸಿಕೊಳ್ಳುತ್ತದೆ. ಜಗತ್ತಿನ ವಿಮಾನಯಾನ ಈ ಲೆಕ್ಕವನ್ನು ತಿದ್ದಲು ಯತ್ನಿಸಿದೆ. ಕಿರಿಯರು ಪ್ರಶ್ನಿಸುವುದನ್ನೂ ಹಿರಿಯರು ಕೇಳಿಸಿಕೊಳ್ಳುವುದನ್ನೂ ತರಬೇತಿಯ ಭಾಗವಾಗಿಸಿದೆ. ತಮ್ಮ ತಪ್ಪನ್ನು ತಾವೇ ಗೋಪ್ಯವಾಗಿ ವರದಿ ಮಾಡುವ ವ್ಯವಸ್ಥೆಯೊಂದನ್ನು ಅಮೆರಿಕದಲ್ಲಿ ನಾಸಾ 1976ರಿಂದ ನಡೆಸುತ್ತಿದೆ. ನಮ್ಮ ಕಚೇರಿಗಳಲ್ಲಾದರೋ ತಪ್ಪೊಪ್ಪಿಕೊಂಡವನಿಗೆ ಮೊದಲು ದೊರೆಯುವುದು ಕಾರಣ ಕೇಳುವ ನೋಟಿಸ್. ಆಗ ಲಾಗ್‌ಬುಕ್ ಖಾಲಿ ಉಳಿದರೆ ಆಶ್ಚರ್ಯವೇನು? ಉದ್ದೇಶಪೂರ್ವಕ ಅಪರಾಧಕ್ಕೆ ಶಿಕ್ಷೆ ಇರಲೇಬೇಕು. ಆದರೆ ಪ್ರಾಮಾಣಿಕ ತಪ್ಪನ್ನು ತಾನಾಗಿಯೇ ಹೇಳಿದವನಿಗೆ ರಕ್ಷಣೆ ಇಲ್ಲದ ಕಡೆ, ಮುಂದಿನ ತಪ್ಪಿನಿಂದ ಪ್ರಯಾಣಿಕನಿಗೂ ರಕ್ಷಣೆ ಇರುವುದಿಲ್ಲ.

ಮತ್ತೆ ಮೇಲೇರುವುದು ಅವಮಾನವೆಂಬ ಭಾವನೆಯೂ ಹೋಗಬೇಕು. ವಿಮಾನ ಇನ್ನೇನು ಇಳಿಯಿತು ಎನ್ನುವಾಗ ಮತ್ತೆ ಗಗನಕ್ಕೇರಿದರೆ ನಾವು ಪ್ರಯಾಣಿಕರು ಗೊಣಗುತ್ತೇವೆ, ಗಡಿಯಾರ ನೋಡಿಕೊಳ್ಳುತ್ತೇವೆ. ನಮ್ಮ ರಸ್ತೆಗಳಲ್ಲೂ ಇದೇ ಸ್ವಭಾವ. ಮದ್ದೂರು, ಮಂಡ್ಯದ ಬಳಿ ಹಾದುಹೋಗುವ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೊರದಾರಿ ತಪ್ಪಿತೆಂದು ಕಾರನ್ನು ಹಿಮ್ಮುಖವಾಗಿ ಓಡಿಸುವವರನ್ನು ನಾನೇ ಕಂಡಿದ್ದೇನೆ. ಮುಂದಿನ ಹೊರದಾರಿಯವರೆಗೆ ಹೋಗಿ ತಿರುಗಿ ಬರುವ ತಾಳ್ಮೆ ಅವರಿಗಿಲ್ಲ.

ಹಲಗೂರಿನ ಆ ರಾತ್ರಿ ನಾನು ಗುಮಾಸ್ತರನ್ನು ಗದರಿದೆ. ‘ಗೊತ್ತಿದ್ದೂ ಹೇಳಬಾರದೇನ್ರೀ?’ ಎಂದೆ. ಅವರು ತಲೆ ತಗ್ಗಿಸಿ ಕುಳಿತರು. ಅದಕ್ಕೂ ಕೆಲವು ತಿಂಗಳ ಮುಂಚೆ, ಟಿಪ್ಪಣಿಯೊಂದರಲ್ಲಿ ನನ್ನ ಲೆಕ್ಕದ ತಪ್ಪನ್ನು ಅವರು ಎತ್ತಿ ತೋರಿಸಿದಾಗ ಎಲ್ಲರೆದುರು ‘ನಿಮ್ಮ ಕೆಲಸ ನೀವು ನೋಡಿಕೊಳ್ಳಿ’ ಎಂದವನು ನಾನೇ. ಅದು ನನಗೆ ನೆನಪಾದದ್ದು ಜೀಪು ಮಳವಳ್ಳಿಯ ಕಡೆಗೆ ತಿರುಗಿದ ಮೇಲೆ.