ಮನೆತನದ ದಾಖಲೆಗಳಲ್ಲಿ ಮುತ್ತಜ್ಜಿಯನ್ನು ಅರಸುವ ಬಗೆ

12ನೆಯ ಶತಮಾನದ ಶರಣೆಯರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಯ ವಚನಗಳು ನಮಗೆ ದೊರೆತಿವೆ. ಕದಿರ ರೆಮ್ಮವ್ವೆ ನೂಲು ತೆಗೆಯುತ್ತಿದ್ದರು, ಕೊಟ್ಟಣದ ಸೋಮಮ್ಮ ಭತ್ತ ಕುಟ್ಟುತ್ತಿದ್ದರು ಎಂಬುದನ್ನು ಅವರ ಹೆಸರುಗಳೇ ಹೇಳುತ್ತವೆ. ಇನ್ನು ಕೆಲವರು 'ಎಡೆಮಠದ ನಾಗಿದೇವಯ್ಯಗಳ ಪುಣ್ಯಸ್ತ್ರೀ ಮಸಣಮ್ಮ' ಎಂಬಂತೆ ಪತಿಯ ಹೆಸರಿನೊಡನೆಯೇ ಪರಿಚಿತರು. ಸಾಮಾನ್ಯ ಕಾಯಕಜೀವಿಗಳಾದ ಇವರ ಹೆಸರು ಉಳಿದದ್ದು ವಚನದಿಂದ. ವಚನ ರಚಿಸದ, ಆದರೆ ಜೀವಮಾನವಿಡೀ ಹೊಲ, ಮನೆ, ದಾಸೋಹಗಳಲ್ಲಿ ದುಡಿದ ನಮ್ಮ ಮುತ್ತಜ್ಜಿಯ ಹೆಸರನ್ನು ಎಲ್ಲಿ ಹುಡುಕಬೇಕು?

ಮನೆತನದ ಚರಿತ್ರೆಯೆಂದೊಡನೆ ನೆನಪಾಗುವವರು ಹೆಳವರು. ಎತ್ತಿನೊಡನೆ ಗಂಟೆ ಬಾರಿಸುತ್ತ ಬಂದು, ಮೂಲಪುರುಷನಿಂದ ಆರಂಭಿಸಿ ತಲೆಮಾರುಗಳನ್ನು ಹೇಳಿ, ಕಾಳುಕಡಿ ಪಡೆದು ಹೋಗುವ ಅವರ ಸೇವೆ ದೊಡ್ಡದು. ಆದರೆ ಆ ಪರಂಪರೆ ಮುಖ್ಯವಾಗಿ ಸಾಗುವುದು ತಂದೆಯಿಂದ ಮಗನಿಗೆ. ಆದ್ದರಿಂದ ಅಲ್ಲಿಗೇ ಶೋಧವನ್ನು ನಿಲ್ಲಿಸಬಾರದು.

ಉತ್ತರ ಕರ್ನಾಟಕದ ಅನೇಕ ಮನೆತನಗಳಲ್ಲಿ ಮದುವೆಯಂದು ವಧುವಿಗೆ ಹೊಸ ಹೆಸರಿಡುವ ರೂಢಿಯಿದೆ. ಶೋಧಕರು ಎಡವುವುದು ಇಲ್ಲಿಯೇ. ತವರಿನ ಶಾಲೆಯ ದಾಖಲಾತಿ ಪುಸ್ತಕದಲ್ಲಿರುವ ಬಾಲಕಿ ಮತ್ತು ಗಂಡನ ಮನೆಯ ಪಡಿತರ ಚೀಟಿಯಲ್ಲಿರುವ ಗೃಹಿಣಿ ಒಬ್ಬಳೇ ಎಂದು ಕಾಗದವಷ್ಟೇ ಹೇಳಲಾರದು. ಮೇಲಾಗಿ ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವುದರಿಂದ ಒಂದೇ ಹೆಸರು ಮರಳಿ ಮರಳಿ ಬರುತ್ತದೆ. ಅಜ್ಜಿಯ ಸಾಲನ್ನು ಮೊಮ್ಮಗಳದೆಂದು ಓದಿಕೊಳ್ಳುವುದು ಬಹು ಸುಲಭ.

ಹೆಚ್ಚು ಫಲ ಕೊಡುವುದು ಜಮೀನಿನ ಕಾಗದ. ಹಳೆಯ ಮೈಸೂರು ಸೀಮೆಯ ದಾಖಲೆಗಳಲ್ಲಿ 'ಕೋಂ' ಎಂಬ ಶಬ್ದದ ಹಿಂದಿರುವುದು ಪತ್ನಿಯ ಹೆಸರು, ಮುಂದಿರುವುದು ಪತಿಯದು. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಉತಾರದೊಂದಿಗೆ ಹಳೆಯ ವಾರಸಾ ನೋಂದಣಿಗಳನ್ನೂ ಕೇಳಿ ಪಡೆಯಬೇಕು. ಯಜಮಾನನು ಲಿಂಗೈಕ್ಯನಾದ ಬಳಿಕ ಹಕ್ಕುದಾರರ ಹೆಸರು ಬರೆಯುವಾಗ ವಿಧವೆಯ ಹೆಸರು ಕಾಣಬಹುದು. ಮಕ್ಕಳು ಚಿಕ್ಕವರಿದ್ದರೆ ಅವರ ಪಾಲನಕರ್ತೆಯಾಗಿ ತಾಯಿಯನ್ನು ನಮೂದಿಸಿರಬಹುದು. ಎಷ್ಟೋ ತಾಯಂದಿರು ಸರಕಾರಿ ಕಾಗದದಲ್ಲಿ ಮೊದಲ ಬಾರಿ ಕಾಣಿಸಿಕೊಂಡದ್ದು ಪತಿಯನ್ನು ಕಳೆದುಕೊಂಡ ಮೇಲೆ. ಅವರ ದುಡಿಮೆಗೆ ಅಂತಹ ದಾಖಲೆಯಿಲ್ಲ ಎಂಬುದು ನೋವಿನ ಸಂಗತಿ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ವಿಧವೆಗೂ ಹೆಣ್ಣುಮಕ್ಕಳಿಗೂ ವಾರಸಾ ಹಕ್ಕನ್ನು ನೀಡಿತು. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳನ್ನೂ ಪಾಲುದಾರಳನ್ನಾಗಿಸಿತು. ಆ ಕಾಲದ ಹಕ್ಕು ಬಿಡುಗಡೆ ಪತ್ರಗಳನ್ನು ತೆರೆದು ನೋಡಿರಿ. ಅಕ್ಕತಂಗಿಯರೆಲ್ಲರ ಹೆಸರು, ವಯಸ್ಸು, ಗಂಡನ ಊರು ಒಂದೇ ಕಡೆ ದೊರೆಯುತ್ತವೆ. ಕೆಳಗೆ ಸಹಿ ಅಥವಾ ಹೆಬ್ಬೆಟ್ಟು. ತವರಿನ ಪಾಲನ್ನು ಬಿಟ್ಟುಕೊಟ್ಟ ಕಾಗದವೇ ಆಕೆ ಆ ಮನೆಯ ಮಗಳೆಂಬುದಕ್ಕೆ ಉಳಿದ ಸಾಕ್ಷಿಯಾಗಿರುವ ಮನೆಗಳೂ ಇವೆ. ಸ್ವಇಚ್ಛೆಯಿಂದ ಬಿಟ್ಟಳೋ, ಅಣ್ಣತಮ್ಮಂದಿರ ಮುಖ ನೋಡಿ ಬಿಟ್ಟಳೋ, ಅದನ್ನು ಪತ್ರ ಹೇಳುವುದಿಲ್ಲ.

ಜನನ ನೋಂದಣಿಯಲ್ಲಿ ಹೆಸರಿನ ಜಾಗ ಖಾಲಿಯಿದ್ದು 'ಹೆಣ್ಣು' ಎಂದಷ್ಟೇ ಇದ್ದರೆ ನಿರಾಶರಾಗಬೇಕಿಲ್ಲ. ತಂದೆಯ ಹೆಸರು, ದಿನಾಂಕ ಕೈಗೆ ಸಿಗುತ್ತವೆ. ನಮ್ಮಲ್ಲಿ ಮಣ್ಣು ಕೊಡುವ ಸಂಪ್ರದಾಯವಿರುವುದರಿಂದ ಹೊಲದ ಬದಿಯ ಸಮಾಧಿಯ ಕಲ್ಲಿನ ಮೇಲೆ ಲಿಂಗೈಕ್ಯರಾದ ದಿನ ಬರೆದಿರಬಹುದು. ಊರಿನ ಮಠದ ಹಳೆಯ ದೇಣಿಗೆ ಪುಸ್ತಕಗಳನ್ನೂ ನೋಡಬೇಕು.

ಕಾಗದ ಕೈಬಿಟ್ಟಲ್ಲಿ ಬೆಡಗು ಕೈಹಿಡಿಯುತ್ತದೆ. ಸಂಬಂಧ ಬೆಳೆಸುವ ಮುನ್ನ ಬೆಡಗು ಕೇಳುವ ಪದ್ಧತಿಯಿರುವುದರಿಂದ, ಮುತ್ತಜ್ಜಿಯ ತವರಿನ ಬೆಡಗು ಹಿರಿಯ ಸೋದರತ್ತೆಗೆ ನೆನಪಿರುವ ಸಂಭವ ಹೆಚ್ಚು. ಮನೆಯ ಗಂಡಸರಿಗಿಂತ ಮೊದಲು ಅವರನ್ನು ಕೇಳಿರಿ. ತವರಿನ ಹೆಸರು, ಗಂಡನ ಮನೆಯ ಹೆಸರು, ಎರಡೂ ಊರು, ತಂದೆತಾಯಿಯರು, ಮಾಹಿತಿ ಹೇಳಿದವರು ಯಾರು, ಯಾವ ದಿನ ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದಿಡಬೇಕು. ಹೆಳವರು ಮುಂದಿನ ಸಲ ಬಂದಾಗ ಅದನ್ನು ಅವರ ಮುಂದೆ ಓದಿ, ತಮ್ಮ ಪುಸ್ತಕದಲ್ಲಿ ಸೇರಿಸಿಕೊಳ್ಳುವಂತೆ ಕೋರಬಹುದು.